ತಾಯಿ–ಭ್ರೂಣ ಸಂಧಿಯ ಏಕಕೋಶ ಅಧ್ಯಯನ: ರೋಸರ್ ವೆಂಟೊ-ಟೊರ್ಮೊ ಅವರ ಕೆಲಸ

ಗರ್ಭಕೋಶದ ಒಳಪದರವೂ ಮಾಸೂ (ಜರಾಯು) ಒಂದನ್ನೊಂದು ಹಿಡಿದುಕೊಳ್ಳುವ ಜಾಗವೇ ತಾಯಿ–ಭ್ರೂಣ ಸಂಧಿ. ಇಲ್ಲಿ ಎರಡು ಬೇರೆ ಜೀವಗಳ ಕೋಶಗಳು ಮೈಗೆ ಮೈ ತಾಗಿಸಿಕೊಂಡು ಒಂಬತ್ತು ತಿಂಗಳು ಬಾಳುತ್ತವೆ. ಮಾಸಿನ ಕೋಶಗಳಲ್ಲಿರುವ ಅರ್ಧ ವಂಶವಾಹಿಗಳು ತಂದೆಯಿಂದ ಬಂದವು. ತಾಯಿಯ ರೋಗನಿರೋಧಕ ವ್ಯವಸ್ಥೆಯ ಲೆಕ್ಕದಲ್ಲಿ ಅವು ಪರಕೀಯ. ಬೇರೊಬ್ಬರ ಮೂತ್ರಪಿಂಡವನ್ನು ಕಸಿ ಮಾಡಿದರೆ, ಔಷಧಗಳ ಬೆಂಬಲವಿಲ್ಲದೆ ಹೋದಾಗ ಕೆಲವೇ ವಾರಗಳಲ್ಲಿ ಅದನ್ನು ತಿರಸ್ಕರಿಸುವ ದೇಹವು ಮಾಸನ್ನು ಮಾತ್ರ ಉಳಿಸಿಕೊಂಡು ಪೋಷಿಸುವುದು ಹೇಗೆ ಎಂಬ ಪ್ರಶ್ನೆ ಜೀವವಿಜ್ಞಾನಿಗಳನ್ನು ಎಪ್ಪತ್ತು ವರ್ಷಗಳಿಂದ ಕಾಡುತ್ತ ಬಂದಿದೆ.

ಈ ಜಾಗದ ಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಿ, ಪ್ರತಿಯೊಂದರಲ್ಲೂ ಯಾವ ವಂಶವಾಹಿಗಳು ಕೆಲಸದಲ್ಲಿವೆ ಎಂದು ಓದಿದ ದೊಡ್ಡ ಅಧ್ಯಯನವೊಂದು 2018ರ ನವೆಂಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಮೊದಲ ಲೇಖಕಿ ಸ್ಪೇನ್ ಮೂಲದ ರೋಸರ್ ವೆಂಟೊ-ಟೊರ್ಮೊ. ಬಾರ್ಸಿಲೋನಾದಲ್ಲಿ ಪಿಎಚ್‌ಡಿ ಮುಗಿಸಿ, ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಹಿಂಕ್ಸ್‌ಟನ್‌ನಲ್ಲಿರುವ ವೆಲ್‌ಕಮ್ ಸ್ಯಾಂಗರ್ ಸಂಸ್ಥೆಗೆ ಬಂದ ಅವರು, 2019ರಿಂದ ಅಲ್ಲಿಯೇ ಸ್ವಂತ ಸಂಶೋಧನಾ ತಂಡ ನಡೆಸುತ್ತಿದ್ದಾರೆ. ಪಿಎಚ್‌ಡಿ ಕಾಲದ ಅವರ ವಿಷಯ ರಕ್ತದ ಮಾನೋಸೈಟ್‌ಗಳು ಬೇರೆ ರೂಪ ತಾಳುವಾಗ ಡಿಎನ್‌ಎಯ ರಾಸಾಯನಿಕ ಗುರುತುಗಳು ಹೇಗೆ ಬದಲಾಗುತ್ತವೆ ಎಂಬುದು. ಗರ್ಭಕೋಶಕ್ಕೂ ಅದಕ್ಕೂ ನೇರ ಸಂಬಂಧವಿರಲಿಲ್ಲ. ಕೇಂಬ್ರಿಜ್‌ನಲ್ಲಿ ಎರಡು ಪರಂಪರೆಗಳು ಅವರಿಗೆ ಒಟ್ಟಿಗೆ ಸಿಕ್ಕವು: ಸಾರಾ ಟೈಕ್‌ಮನ್ ಅವರ ಗಣಕ ಜೀವವಿಜ್ಞಾನ, ಆ್ಯಶ್ಲಿ ಮಾಫೆಟ್ ಅವರ ಗರ್ಭಕೋಶ ವಿಜ್ಞಾನ. 2018ರ ಅಧ್ಯಯನ ಇವೆರಡರ ಕೂಸು.

ಹಳೆಯ ಪ್ರಶ್ನೆ

ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿದವರು ಬ್ರಿಟನ್ನಿನ ಪೀಟರ್ ಮೆಡವಾರ್. ಚರ್ಮದ ಕಸಿ ಏಕೆ ನಿಲ್ಲುವುದಿಲ್ಲ ಎಂಬುದನ್ನು ಹುಡುಕುತ್ತಿದ್ದ ಅವರು, 1953ರ ಒಂದು ಪ್ರಬಂಧದಲ್ಲಿ ಭ್ರೂಣವನ್ನೂ ಒಂದು ಕಸಿಯೆಂದೇ ಎಣಿಸಿ ಮೂರು ಊಹೆಗಳನ್ನು ಮುಂದಿಟ್ಟರು. ತಾಯಿ ಮತ್ತು ಭ್ರೂಣದ ನಡುವೆ ಅಂಗರಚನೆಯ ತಡೆಗೋಡೆ ಇದ್ದೀತು. ಭ್ರೂಣದ ಪ್ರತಿಜನಕಗಳು ಇನ್ನೂ ಬಲಿತಿಲ್ಲದಿರಬಹುದು. ಇಲ್ಲವೇ ಗರ್ಭಿಣಿಯ ರೋಗನಿರೋಧಕ ವ್ಯವಸ್ಥೆಯೇ ಮಂಕಾಗಿರಬಹುದು. ರೋಗನಿರೋಧಕ ಸಹಿಷ್ಣುತೆಯ ಶೋಧಕ್ಕಾಗಿ 1960ರಲ್ಲಿ ಮೆಡವಾರ್ ಅವರು ಮ್ಯಾಕ್‌ಫರ್ಲೇನ್ ಬರ್ನೆಟ್ ಜೊತೆ ನೊಬೆಲ್ ಪಡೆದರು. ಅವರ ಪ್ರಶ್ನೆ ಉಳಿಯಿತು. ಊಹೆಗಳು ಅಷ್ಟಾಗಿ ಉಳಿಯಲಿಲ್ಲ.

ಎರಡನೆಯ ಊಹೆ ಸರಿಯಲ್ಲ ಎಂಬುದಕ್ಕೆ ಪುರಾವೆ ಯಾವ ಹೆರಿಗೆ ಆಸ್ಪತ್ರೆಯಲ್ಲೂ ಸಿಗುತ್ತದೆ. ಆರ್‌ಎಚ್ ನೆಗೆಟಿವ್ ತಾಯಿಯ ಹೊಟ್ಟೆಯಲ್ಲಿ ಆರ್‌ಎಚ್ ಪಾಸಿಟಿವ್ ಮಗುವಿದ್ದರೆ, ಸಾಮಾನ್ಯವಾಗಿ ಮೊದಲ ಹೆರಿಗೆಯ ಹೊತ್ತಿಗೆ ಮಗುವಿನ ರಕ್ತಕಣಗಳು ತಾಯಿಯ ರಕ್ತ ಸೇರಿ, ಆಕೆಯ ದೇಹ ಅವುಗಳ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಪೆಟ್ಟು ಬೀಳುವುದು ಮುಂದಿನ ಮಗುವಿಗೆ. 1968ರಿಂದ ಬಳಕೆಗೆ ಬಂದ ಆಂಟಿ-ಡಿ ಚುಚ್ಚುಮದ್ದು ಈ ಅನಾಹುತವನ್ನು ಬಹುಮಟ್ಟಿಗೆ ತಡೆದಿದೆ. ಅಂದರೆ ಭ್ರೂಣದ ಪ್ರತಿಜನಕಗಳು ಬಲಿತಿರುತ್ತವೆ, ತಾಯಿಯ ದೇಹ ಅವನ್ನು ಗುರುತಿಸಲೂ ಬಲ್ಲದು. ಮೂರನೆಯ ಊಹೆಯೂ ನಿಲ್ಲದು: ವ್ಯವಸ್ಥೆ ಮಂಕಾಗಿದ್ದರೆ ಗರ್ಭಿಣಿಯರಿಗೆ ಕೊಡುವ ಧನುರ್ವಾಯುವಿನ ಲಸಿಕೆ ಫಲ ಕೊಡುತ್ತಿರಲಿಲ್ಲ.

ಮೊದಲನೆಯ ಊಹೆ ಅರ್ಧ ನಿಜ. ಮಾಸಿನ ಬೆರಳಿನಂಥ ಚಾಚುಗಳ ಮೇಲೆ ಹೊದ್ದಿರುವ ಸಿನ್ಸೀಶಿಯೋಟ್ರೋಫೋಬ್ಲಾಸ್ಟ್ ಎಂಬ ಪದರ ತಾಯಿಯ ರಕ್ತದಲ್ಲಿ ನೆನೆದೇ ಇರುತ್ತದೆ. ಅದರ ಮೈಮೇಲೆ ಅಂಗಾಂಶದ ಗುರುತಿನ ಚೀಟಿಗಳಾದ ಎಚ್‌ಎಲ್‌ಎ ಪ್ರೋಟೀನುಗಳೇ ಇಲ್ಲ. ಹಾಗಾಗಿ ತಾಯಿಯ ಟಿ ಕೋಶಗಳಿಗೆ ಅಲ್ಲಿ ಹಿಡಿಯಲು ಏನೂ ಸಿಗದು. ಆದರೆ ಗೋಡೆಗೆ ಕಿಂಡಿಗಳೂ ಇವೆ. ಗರ್ಭನಂಜಿನಿಂದ ಸತ್ತ ಹೆಂಗಸರ ಶ್ವಾಸಕೋಶಗಳಲ್ಲಿ ಮಾಸಿನ ಕೋಶಗಳಿದ್ದುದನ್ನು ಜರ್ಮನಿಯ ಗೇಯೋರ್ಗ್ ಶ್ಮೋರ್ಲ್ 1893ರಲ್ಲೇ ಕಂಡಿದ್ದರು. ಗಂಡುಮಗು ಹೆತ್ತ ತಾಯಿಯ ರಕ್ತದಲ್ಲಿ 27 ವರ್ಷಗಳ ನಂತರವೂ ಆ ಮಗುವಿನ ಕೋಶಗಳು ಸಿಕ್ಕಿದ್ದನ್ನು 1996ರಲ್ಲಿ ಡಯಾನಾ ಬಿಯಾಂಕಿ ತಂಡ ವರದಿ ಮಾಡಿತು. ಮಗು ಮನೆ ಬಿಟ್ಟು ಹೋದಮೇಲೂ ಅದರ ಕೋಶಗಳು ತಾಯಿಯಲ್ಲಿ ಉಳಿದಿದ್ದವು.

ಕೊಲ್ಲದ 'ಕೊಲೆಗಾರ' ಕೋಶಗಳು

ಗರ್ಭ ನಿಂತಮೇಲೆ ಗರ್ಭಕೋಶದ ಒಳಪದರ ದಪ್ಪವಾಗಿ ಮಾರ್ಪಡುತ್ತದೆ; ಆಗ ಅದಕ್ಕೆ ಡೆಸಿಡುವಾ ಎಂದು ಹೆಸರು. ಮೊದಲ ಮೂರು ತಿಂಗಳಲ್ಲಿ ಇಲ್ಲಿರುವ ಬಿಳಿ ರಕ್ತಕಣಗಳಲ್ಲಿ ಸುಮಾರು ಶೇ. 70ರಷ್ಟು ಒಂದೇ ಬಗೆಯವು: ನ್ಯಾಚುರಲ್ ಕಿಲ್ಲರ್, ಅಂದರೆ ಎನ್‌ಕೆ ಕೋಶಗಳು. ರಕ್ತದಲ್ಲಿರುವ ಎನ್‌ಕೆ ಕೋಶಗಳ ಕಸುಬು ವೈರಸ್ ಹೊಕ್ಕ ಕೋಶವನ್ನೂ ಕ್ಯಾನ್ಸರ್ ಕೋಶವನ್ನೂ ಕೊಲ್ಲುವುದು. ಗರ್ಭಕೋಶದ ಎನ್‌ಕೆ ಕೋಶಗಳ ಬಳಿ ಆಯುಧಗಳಿದ್ದರೂ ಅವು ಮಾಸಿನ ಕೋಶಗಳನ್ನು ಕೊಲ್ಲುವುದಿಲ್ಲ. ಹಾಗಾದರೆ ಇಷ್ಟೊಂದು ಸಂಖ್ಯೆಯಲ್ಲಿ ಅವು ಅಲ್ಲಿ ನೆರೆಯುವುದೇಕೆ? ಮಾಫೆಟ್ ಮತ್ತು ಅವರ ಹಿರಿಯ ಸಹೋದ್ಯೋಗಿ ಚಾರ್ಲಿ ಲೋಕ್ ದಶಕಗಳ ಕಾಲ ಬೆನ್ನು ಹತ್ತಿದ್ದು ಈ ಪ್ರಶ್ನೆಯನ್ನೇ.

ಉತ್ತರ ರಕ್ತನಾಳಗಳ ಕಡೆಗೆ ಕೈ ತೋರಿಸುತ್ತದೆ. ಮಾಸಿನಿಂದ ಹೊರಟ ಎಕ್ಸ್‌ಟ್ರಾವಿಲಸ್ ಟ್ರೋಫೋಬ್ಲಾಸ್ಟ್ ಎಂಬ ಕೋಶಗಳು ಡೆಸಿಡುವಾದೊಳಗೆ ನುಗ್ಗಿ, ತಾಯಿಯ ಸುರುಳಿ ಅಪಧಮನಿಗಳ ಗೋಡೆಯನ್ನು ಸಡಿಲಿಸಿ ಅಗಲ ಮಾಡುತ್ತವೆ. ಸಪೂರವಾಗಿದ್ದ ನಾಳ ಅಗಲವಾದರೆ ರಕ್ತ ಒತ್ತಡವಿಲ್ಲದೆ ನಿಧಾನವಾಗಿ ಹರಿದು ಮಗುವಿಗೆ ಬೇಕಾದಷ್ಟು ಸಿಗುತ್ತದೆ. ಈ ನುಗ್ಗುವಿಕೆ ಕಡಿಮೆಯಾದರೆ ಗರ್ಭಿಣಿಯ ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ಪ್ರಿ-ಎಕ್ಲಾಂಪ್ಸಿಯಾ, ಮಗುವಿನ ಬೆಳವಣಿಗೆ ಕುಂಠಿತವಾಗುವುದು, ಅವಧಿಗೆ ಮುಂಚಿನ ಹೆರಿಗೆ ಇವೆಲ್ಲಕ್ಕೂ ದಾರಿಯಾಗುತ್ತದೆ. ಹೆಚ್ಚಾದರೆ ಮಾಸು ಗರ್ಭಕೋಶದ ಸ್ನಾಯುವಿನೊಳಗೆ ಬೇರೂರಿ, ಹೆರಿಗೆಯಾದ ಮೇಲೆ ಬಿಡಿಸಿಕೊಳ್ಳದೆ ತಾಯಿಯ ಪ್ರಾಣಕ್ಕೇ ಕುತ್ತು ತರುತ್ತದೆ. ಎಲ್ಲಿಯವರೆಗೆ ಒಳಗೆ ಬರಬೇಕು, ಎಲ್ಲಿ ನಿಲ್ಲಬೇಕು ಎಂಬ ಎಲ್ಲೆಯನ್ನು ನಿರ್ಧರಿಸುವುದರಲ್ಲಿ ಎನ್‌ಕೆ ಕೋಶಗಳ ಪಾಲಿದೆ ಎಂಬುದು ಮಾಫೆಟ್ ಅವರ ವಾದ.

ಒಳಗೆ ನುಗ್ಗುವ ಟ್ರೋಫೋಬ್ಲಾಸ್ಟ್‌ಗಳ ಮೇಲೆ ಎಚ್‌ಎಲ್‌ಎ-ಎ, ಎಚ್‌ಎಲ್‌ಎ-ಬಿ ಇರುವುದಿಲ್ಲ. ಎಚ್‌ಎಲ್‌ಎ-ಸಿ, ಎಚ್‌ಎಲ್‌ಎ-ಇ ಮತ್ತು ಬಹುಮಟ್ಟಿಗೆ ಮಾಸಿಗಷ್ಟೇ ಮೀಸಲಾದ ಎಚ್‌ಎಲ್‌ಎ-ಜಿ ಇರುತ್ತವೆ. ಇವುಗಳಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಹೆಚ್ಚು ಬದಲಾಗುವುದು ಎಚ್‌ಎಲ್‌ಎ-ಸಿ ಒಂದೇ. ತಾಯಿಯ ಎನ್‌ಕೆ ಕೋಶಗಳು ಅದನ್ನು ಕೆಐಆರ್ ಎಂಬ ಗ್ರಾಹಕಗಳ ಮೂಲಕ ತಡವಿ ನೋಡುತ್ತವೆ, ಆ ಗ್ರಾಹಕಗಳೂ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಸೂಸನ್ ಹಿಬಿ, ಮಾಫೆಟ್ ಮುಂತಾದವರು 2004ರಲ್ಲಿ ತೋರಿಸಿದಂತೆ, ತಾಯಿಯಲ್ಲಿ ಕೆಐಆರ್ 'ಎಎ' ಜೋಡಿಯೂ ಭ್ರೂಣದಲ್ಲಿ ಎಚ್‌ಎಲ್‌ಎ-ಸಿ2 ಬಗೆಯೂ ಕೂಡಿಬಂದಾಗ ಪ್ರಿ-ಎಕ್ಲಾಂಪ್ಸಿಯಾದ ಅಪಾಯ ಹೆಚ್ಚು. ಕಾರಣವನ್ನು ಗಮನಿಸಬೇಕು: ಈ ಜೋಡಿಯಲ್ಲಿ ಎನ್‌ಕೆ ಕೋಶಕ್ಕೆ ತಡೆಯ ಸಂಕೇತ ಬಲವಾಗಿ ಸಿಗುತ್ತದೆ, ಅದು ಸುಮ್ಮನಾಗುತ್ತದೆ. ತಾಯಿಯ ನಿರೋಧಕ ಕೋಶ ಸುಮ್ಮನಾದಾಗಲೇ ಗರ್ಭ ಕೆಡುವ ಸಂಭವ ಹೆಚ್ಚು ಎಂಬ ಈ ಫಲಿತಾಂಶ ಮೆಡವಾರ್ ಕಾಲದ ಯೋಚನೆಯನ್ನು ತಲೆಕೆಳಗು ಮಾಡಿತು. ದೇಹ ಭ್ರೂಣವನ್ನು 'ಸಹಿಸಿಕೊಳ್ಳುವುದು' ಹೇಗೆ ಎಂದು ಕೇಳುತ್ತಿದ್ದವರು, ಅದಕ್ಕಾಗಿ ದೇಹ ಏನೇನು ಕೆಲಸ ಮಾಡುತ್ತದೆ ಎಂದು ಕೇಳಬೇಕಾಯಿತು.

ಟಿ ಕೋಶಗಳ ಕಥೆ ಬೇರೆಯೇ ಉದ್ದದ್ದು. ನಿಯಂತ್ರಕ ಟಿ ಕೋಶಗಳನ್ನು ತೆಗೆದರೆ ಬೇರೆ ತಳಿಯ ಗಂಡಿನಿಂದ ಬಸಿರಾದ ಇಲಿಗಳ ಗರ್ಭ ನಿಲ್ಲುವುದಿಲ್ಲ ಎಂದು 2004ರಲ್ಲಿ ಗೊತ್ತಾಯಿತು ಎಂಬಷ್ಟು ಇಲ್ಲಿ ಸಾಕು.

ಬಿಡಿ ಕೋಶದ ಓದು

ಈ ಎಲ್ಲ ಕೆಲಸವೂ ಕೋಶಗಳನ್ನು ಗುಂಪಾಗಿ ನೋಡಿ ಮಾಡಿದ್ದು. ಅಂಗಾಂಶದ ಚೂರೊಂದನ್ನು ಅರೆದು ಅದರ ಆರ್‌ಎನ್‌ಎ ಅಳೆಯುವುದೆಂದರೆ ಸಂತೆಯ ಗದ್ದಲವನ್ನು ಊರಾಚೆಯ ರಸ್ತೆಯಲ್ಲಿ ನಿಂತು ಕೇಳಿದಂತೆ: ವ್ಯಾಪಾರ ಜೋರಾಗಿದೆ ಎಂದು ತಿಳಿದೀತು, ಯಾರು ಯಾರಿಗೆ ಏನು ಮಾರಿದರು ಎಂದು ತಿಳಿಯದು. ಒಂದೇ ಕೋಶದ ಆರ್‌ಎನ್‌ಎಯನ್ನು ಪೂರ್ತಿಯಾಗಿ ಓದುವ ವಿಧಾನವನ್ನು ತಾಂಗ್ ಫುಚೌ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದರು. 2015ರಲ್ಲಿ ಬಂದ ಹನಿ ವಿಧಾನಗಳು ಒಂದೇ ಸಲಕ್ಕೆ ಸಾವಿರಾರು ಕೋಶಗಳನ್ನು ಓದುವುದನ್ನು ಸಾಧ್ಯವಾಗಿಸಿದವು. ಮರುವರ್ಷವೇ ಟೈಕ್‌ಮನ್ ಮತ್ತು ಅವಿವ್ ರೆಗೆವ್ ನೇತೃತ್ವದಲ್ಲಿ ಮಾನವ ದೇಹದ ಎಲ್ಲ ಬಗೆಯ ಕೋಶಗಳ ಪಟ್ಟಿ ಮಾಡುವ ಹ್ಯೂಮನ್ ಸೆಲ್ ಅಟ್ಲಾಸ್ ಶುರುವಾಯಿತು.

ಪ್ರಯೋಗಾಲಯದ ಮೇಜಿನ ಮೇಲೆ ಇದು ನಡೆಯುವ ಬಗೆ ಹೀಗೆ. ಮೊದಲ ಮೂರು ತಿಂಗಳಲ್ಲಿ ಸ್ವಂತ ನಿರ್ಧಾರದಿಂದ ಗರ್ಭಪಾತ ಮಾಡಿಸಿಕೊಂಡ ಮಹಿಳೆಯರ ಒಪ್ಪಿಗೆ ಪಡೆದು, ಅಂಗಾಂಶವನ್ನು ತಂಪಿನಲ್ಲಿ ಪ್ರಯೋಗಾಲಯಕ್ಕೆ ತರುತ್ತಾರೆ. ರಕ್ತದ ಹೆಪ್ಪುಗಳನ್ನು ತೊಳೆದು, ಮಾಸಿನ ಭಾಗ ಯಾವುದು, ಡೆಸಿಡುವಾ ಯಾವುದು ಎಂದು ಕಣ್ಣಳತೆಯಲ್ಲೇ ಬೇರೆ ಮಾಡುತ್ತಾರೆ. ಅಲಗಿನಿಂದ ಸಣ್ಣಗೆ ಕೊಚ್ಚಿ, ಕೋಶಗಳನ್ನು ಬೆಸೆದಿರುವ ನಾರನ್ನು ಕರಗಿಸುವ ಕಿಣ್ವಗಳಲ್ಲಿ ನೆನೆಸಿ, ನುಣ್ಣನೆಯ ಜಾಲರಿಯಲ್ಲಿ ಸೋಸುತ್ತಾರೆ. ಈಗ ಬಿಡಿ ಕೋಶಗಳ ತೆಳುವಾದ ದ್ರವ ಸಿಗುತ್ತದೆ. ಕೂದಲೆಳೆಯಂಥ ಕಾಲುವೆಗಳಿರುವ ಚಿಪ್‌ನಲ್ಲಿ ಇದನ್ನು ಹರಿಸಿದರೆ ಎಣ್ಣೆಯ ನಡುವೆ ಒಂದೊಂದು ಹನಿಯೊಳಗೆ ಒಂದೊಂದು ಕೋಶ, ಜೊತೆಗೆ ಒಂದು ಮಣಿ ಸಿಕ್ಕಿಕೊಳ್ಳುತ್ತವೆ. ಪ್ರತಿ ಮಣಿಗೂ ಬೇರೆ ಬೇರೆ ಡಿಎನ್‌ಎ ಬಾರ್‌ಕೋಡ್. ಕೋಶ ಒಡೆದು ಹೊರಬಂದ ಆರ್‌ಎನ್‌ಎಗೆಲ್ಲ ಆ ಬಾರ್‌ಕೋಡ್ ಅಂಟುತ್ತದೆ. ಕೊನೆಗೆ ಎಲ್ಲವನ್ನೂ ಒಟ್ಟಿಗೆ ಓದಿದರೂ ಯಾವ ಆರ್‌ಎನ್‌ಎ ಯಾವ ಕೋಶದ್ದು ಎಂಬ ಲೆಕ್ಕ ತಪ್ಪುವುದಿಲ್ಲ. ಕೈಗೆ ಬರುವುದು ಒಂದು ದೈತ್ಯ ಕೋಷ್ಟಕ: ಅಡ್ಡಕ್ಕೆ ಹತ್ತಾರು ಸಾವಿರ ಕೋಶಗಳು, ಉದ್ದಕ್ಕೆ ಸುಮಾರು 20,000 ವಂಶವಾಹಿಗಳು, ಒಳಗಿನ ಮನೆಗಳಲ್ಲಿ ಬಹುಪಾಲು ಸೊನ್ನೆ.

ಎಲ್ಲ ಕೋಶಗಳೂ ಈ ವಿಧಾನಕ್ಕೆ ಸಿಗುವುದಿಲ್ಲ. ಸಿನ್ಸೀಶಿಯೋಟ್ರೋಫೋಬ್ಲಾಸ್ಟ್ ಎಂಬುದು ಅಸಂಖ್ಯ ಕೋಶಬೀಜಗಳಿರುವ ಒಂದೇ ಹಾಸು, ಹನಿಯೊಳಗೆ ಹಿಡಿಸುವುದೇ ಇಲ್ಲ. ತಾಯಿಯ ರಕ್ತಕ್ಕೆ ನೇರವಾಗಿ ಮೈಯೊಡ್ಡಿರುವ ಪದರವೇ ಮೊದಮೊದಲ ನಕ್ಷೆಗಳಲ್ಲಿ ಹೆಚ್ಚು ಮಸುಕಾಗಿರುವುದು ಇದರಿಂದಾಗಿ. ಮುಂದೆ ಇಡೀ ಕೋಶದ ಬದಲು ಕೋಶಬೀಜಗಳನ್ನಷ್ಟೇ ಬೇರ್ಪಡಿಸಿ ಓದುವ ವಿಧಾನ ಬಂದಮೇಲೆ ಈ ಕೊರತೆ ಸ್ವಲ್ಪ ನೀಗಿತು.

2018ರ ನಕ್ಷೆ

ವೆಂಟೊ-ಟೊರ್ಮೊ ಮತ್ತು ಸಹೋದ್ಯೋಗಿಗಳು 6ರಿಂದ 14 ವಾರಗಳ ಗರ್ಭಾವಸ್ಥೆಯ ಮಾಸು, ಡೆಸಿಡುವಾ ಮತ್ತು ಅದೇ ತಾಯಂದಿರ ರಕ್ತದಿಂದ ಸುಮಾರು 70,000 ಕೋಶಗಳನ್ನು ಓದಿದರು. ನ್ಯೂಕ್ಯಾಸಲ್‌ನ ಮುಜ್ಲಿಫಾ ಹನೀಫಾ ತಂಡವೂ ಕೈಜೋಡಿಸಿತ್ತು. ಮೊದಲ ತೊಡಕು, ಯಾವ ಕೋಶ ತಾಯಿಯದು, ಯಾವುದು ಭ್ರೂಣದ್ದು ಎಂದು ಹೇಳುವುದು ಹೇಗೆ? ಜಾಗ ನೋಡಿ ಹೇಳುವಂತಿಲ್ಲ, ಏಕೆಂದರೆ ಎರಡೂ ಕಡೆಯವು ಬೆರೆತಿರುತ್ತವೆ. ಅವರು ಡಿಎನ್‌ಎಯಲ್ಲಿ ಒಬ್ಬರಿಂದ ಒಬ್ಬರಿಗೆ ಬದಲಾಗುವ ಅಕ್ಷರಗಳನ್ನು ಸಾಕ್ಷಿಯಾಗಿ ಹಿಡಿದರು. ತಂದೆಯಿಂದಷ್ಟೇ ಬರಬಹುದಾದ ಅಕ್ಷರ ಕಂಡರೆ ಆ ಕೋಶ ಭ್ರೂಣದ್ದು. ಹೀಗೆ ವಿಂಗಡಿಸಿದಾಗ ಡೆಸಿಡುವಾದೊಳಗೆ ಬಂದು ನೆಲೆಸಿದ ಭ್ರೂಣದ ಕೋಶಗಳೂ ಮಾಸಿನ ಚೂರಿನಲ್ಲಿ ಸಿಕ್ಕಿಕೊಂಡಿದ್ದ ತಾಯಿಯ ಕೋಶಗಳೂ ಬೇರೆ ಬೇರೆಯಾದವು.

ಅತ್ಯಂತ ಚರ್ಚೆಗೆ ಬಂದ ಫಲಿತಾಂಶ ಎನ್‌ಕೆ ಕೋಶಗಳದ್ದು. ಒಂದೇ ಎಂದುಕೊಂಡಿದ್ದ ಡೆಸಿಡುವಾದ ಎನ್‌ಕೆ ಕೋಶಗಳಲ್ಲಿ ಮೂರು ಮುಖ್ಯ ಬಗೆಗಳಿದ್ದವು; ಅವಕ್ಕೆ ಡಿಎನ್‌ಕೆ1, ಡಿಎನ್‌ಕೆ2, ಡಿಎನ್‌ಕೆ3 ಎಂದು ಹೆಸರಿಟ್ಟರು. ಭ್ರೂಣದ ಎಚ್‌ಎಲ್‌ಎ-ಸಿಯನ್ನು ತಡವುವ ಕೆಐಆರ್ ಗ್ರಾಹಕಗಳು ಹೆಚ್ಚಾಗಿ ಇರುವುದು ಡಿಎನ್‌ಕೆ1ರಲ್ಲಿ. ಎಚ್‌ಎಲ್‌ಎ-ಜಿಯನ್ನು ಹಿಡಿಯುವ ಎಲ್‌ಐಎಲ್‌ಆರ್‌ಬಿ1 ಇರುವುದೂ ಅದರಲ್ಲೇ. ಕೊಲ್ಲುವ ಪ್ರೋಟೀನುಗಳ ಕಣಗಳೂ ಅದರಲ್ಲಿ ತುಂಬಿವೆ, ಸಕ್ಕರೆಯನ್ನು ಬೇಗ ಉರಿಸುವ ಕಿಣ್ವಗಳೂ ಇವೆ. ಅಂದರೆ ಅದು ದಣಿದು ಮಲಗಿದ ಕೋಶವಲ್ಲ, ಪೂರ್ತಿ ಸಿದ್ಧವಾಗಿ ನಿಂತದ್ದು. ಹಿಬಿ ಮತ್ತು ಮಾಫೆಟ್ 2004ರಲ್ಲಿ ಕಂಡ ಸಂಬಂಧಕ್ಕೆ ಹದಿನಾಲ್ಕು ವರ್ಷಗಳ ಬಳಿಕ ಒಂದು ನಿರ್ದಿಷ್ಟ ಕೋಶ ಸಿಕ್ಕಂತಾಯಿತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಬಂಧದ ತೂಕದ ಮಾತು ಇದು, ಉಳಿದವು ಪಟ್ಟಿಗಳು.

ಜಗಳ ತಣಿಸುವ ಏರ್ಪಾಡುಗಳೂ ನಕ್ಷೆಯಲ್ಲಿ ಕಂಡವು. ಗಾಯಗೊಂಡ ಕೋಶದಿಂದ ಸೋರುವ ಎಟಿಪಿ ಉರಿಯೂತದ ಕರೆಗಂಟೆ. ಡಿಎನ್‌ಕೆ1 ಮೇಲಿನ ಸಿಡಿ39 ಎಂಬ ಕಿಣ್ವ ಎಟಿಪಿಯನ್ನು ಒಡೆಯುತ್ತದೆ. ಭ್ರೂಣದ ಟ್ರೋಫೋಬ್ಲಾಸ್ಟ್ ಮೇಲಿನ ಸಿಡಿ73 ಅದನ್ನು ಇನ್ನಷ್ಟು ಒಡೆದು, ಉರಿಯೂತವನ್ನು ತಗ್ಗಿಸುವ ಅಡಿನೋಸಿನ್ ಆಗಿಸುತ್ತದೆ. ಒಂದೇ ರಾಸಾಯನಿಕ ಕ್ರಿಯೆಯ ಮೊದಲ ಹೆಜ್ಜೆ ತಾಯಿಯ ಕೋಶದ್ದು, ಎರಡನೆಯದು ಮಗುವಿನದು. ಡೆಸಿಡುವಾದ ಆಧಾರ ಕೋಶಗಳಲ್ಲೂ ಮೇಲಿನ ದಟ್ಟ ಪದರದವು ಬೇರೆ, ಕೆಳಗಿನ ಸ್ಪಂಜಿನಂಥ ಪದರದವು ಬೇರೆ ಎಂದು ಗೊತ್ತಾಯಿತು.

ಯಾರೊಡನೆ ಯಾರು

ಕೋಶಗಳ ಪಟ್ಟಿ ಸಿದ್ಧವಾದ ಮಾತ್ರಕ್ಕೆ ಅವುಗಳ ವ್ಯವಹಾರ ತಿಳಿಯುವುದಿಲ್ಲ. ಇದಕ್ಕಾಗಿ ತಂಡ ಸೆಲ್‌ಫೋನ್‌ಡಿಬಿ ಎಂಬ ದತ್ತಸಂಚಯವನ್ನೂ ತಂತ್ರಾಂಶವನ್ನೂ ಕಟ್ಟಿತು. ಯಾವ ಸಂಕೇತ ಪ್ರೋಟೀನು ಯಾವ ಗ್ರಾಹಕಕ್ಕೆ ಅಂಟುತ್ತದೆ ಎಂಬ ತಿಳಿವಳಿಕೆಯನ್ನು ಹಳೆಯ ಪ್ರಕಟಣೆಗಳಿಂದ ಕಲೆಹಾಕಿ ಅದರಲ್ಲಿ ಜೋಡಿಸಿದ್ದಾರೆ. ಹಲವು ಗ್ರಾಹಕಗಳು ಎರಡು ಮೂರು ತುಣುಕುಗಳು ಸೇರಿದರೆ ಮಾತ್ರ ಕೆಲಸ ಮಾಡುತ್ತವೆ. ಎಲ್ಲ ತುಣುಕುಗಳೂ ಆ ಕೋಶದಲ್ಲಿದ್ದರೆ ಮಾತ್ರ ಸಂಬಂಧವನ್ನು ಲೆಕ್ಕಕ್ಕೆ ಹಿಡಿಯುವುದು ಈ ತಂತ್ರಾಂಶದ ವಿಶೇಷ. ಒಂದು ಬಗೆಯ ಕೋಶದಲ್ಲಿ ಸಂಕೇತ, ಇನ್ನೊಂದು ಬಗೆಯಲ್ಲಿ ಗ್ರಾಹಕ ಹೆಚ್ಚಾಗಿ ಕಂಡರೆ, ಕೋಶಗಳ ಹೆಸರುಚೀಟಿಗಳನ್ನು ಸಾವಿರ ಸಲ ಕಲಸಿ, ಆಕಸ್ಮಿಕವಾಗಿ ಅಷ್ಟೇ ಹೆಚ್ಚು ಬರುವುದುಂಟೇ ಎಂದು ಪರೀಕ್ಷಿಸುತ್ತದೆ. 2020ರಲ್ಲಿ ಇದರ ಬಳಕೆಯ ವಿವರ 'ನೇಚರ್ ಪ್ರೋಟೋಕಾಲ್ಸ್'ನಲ್ಲಿ ಬಂತು. ಗರ್ಭಕೋಶಕ್ಕಾಗಿ ಹುಟ್ಟಿದ ಈ ಉಪಕರಣವನ್ನು ಈಗ ಕ್ಯಾನ್ಸರ್, ಮಿದುಳು, ಶ್ವಾಸಕೋಶಗಳ ಅಧ್ಯಯನಗಳಲ್ಲೂ ಬಳಸುತ್ತಾರೆ.

ಮಾಸಿನ ಸಂಧಿಯಲ್ಲಿ ಅದು ಸೂಚಿಸಿದ ಸಂಬಂಧಗಳಲ್ಲಿ ಕೆಲವು: ಡಿಎನ್‌ಕೆ1 ಸ್ರವಿಸುವ ಸಿಎಸ್‌ಎಫ್1ಕ್ಕೆ ಟ್ರೋಫೋಬ್ಲಾಸ್ಟ್‌ನಲ್ಲಿ ಗ್ರಾಹಕವಿದೆ, ಡಿಎನ್‌ಕೆ2 ಮತ್ತು 3ರ ಎಕ್ಸ್‌ಸಿಎಲ್1, ಡಿಎನ್‌ಕೆ3ರ ಸಿಸಿಎಲ್5 ಎಂಬ ಸಂಕೇತಗಳಿಗೂ ಇದೆ.

ಇದರ ದೌರ್ಬಲ್ಯವನ್ನು ಮರೆಯುವಂತಿಲ್ಲ. ಆರ್‌ಎನ್‌ಎ ಇದೆ ಎಂದರೆ ಪ್ರೋಟೀನು ತಯಾರಾಗಿಯೇ ಇದೆ ಎಂದಲ್ಲ. ತಯಾರಾದ ಎರಡು ಪ್ರೋಟೀನುಗಳು ಭೇಟಿಯಾಗುವಷ್ಟು ಹತ್ತಿರ ಇವೆ ಎಂದೂ ಅಲ್ಲ. ಕಿಣ್ವದಲ್ಲಿ ಕರಗಿಸಿದ ಅಂಗಾಂಶದಲ್ಲಿ ಯಾರ ಪಕ್ಕದಲ್ಲಿ ಯಾರಿದ್ದರು ಎಂಬ ಗುರುತೇ ಅಳಿಸಿಹೋಗಿರುತ್ತದೆ. ತಂತ್ರಾಂಶ ಕೊಡುವುದು ಸಾಧ್ಯತೆಗಳ ಪಟ್ಟಿ. ಅದನ್ನು ಸಿದ್ಧಾಂತವೆಂಬಂತೆ ಬರೆದುಬಿಡುವ ಪ್ರಬಂಧಗಳು ಈ ಕ್ಷೇತ್ರದಲ್ಲಿ ಬೇಕಾದಷ್ಟಿವೆ.

ಸೂಚನೆಯನ್ನು ಪರೀಕ್ಷೆಗೆ ಒಡ್ಡಿದ ಒಳ್ಳೆಯ ಉದಾಹರಣೆಯೂ ಇದೇ ಬಳಗದಿಂದ ಬಂತು. ಮಾರ್ಗೆರಿಟಾ ಟುರ್ಕೊ ಮತ್ತು ಸಂಗಡಿಗರು 2018ರಲ್ಲೇ ಟ್ರೋಫೋಬ್ಲಾಸ್ಟ್‌ನ ಆರ್ಗನಾಯ್ಡ್‌ಗಳನ್ನು, ಎಂದರೆ ಪ್ರಯೋಗಾಲಯದಲ್ಲಿ ಬೆಳೆಯುವ ಪುಟ್ಟ ಅಂಗಾಂಶದ ಉಂಡೆಗಳನ್ನು ರೂಪಿಸಿದ್ದರು. 2024ರಲ್ಲಿ 'ಸೆಲ್ ಸ್ಟೆಮ್ ಸೆಲ್' ಪತ್ರಿಕೆಯಲ್ಲಿ ಬಂದ ಕೆಲಸದಲ್ಲಿ, ಎನ್‌ಕೆ ಕೋಶಗಳು ಸ್ರವಿಸುವ ಸಿಎಸ್‌ಎಫ್1, ಸಿಎಸ್‌ಎಫ್2, ಎಕ್ಸ್‌ಸಿಎಲ್1, ಸಿಸಿಎಲ್5 ಇವನ್ನು ಆರ್ಗನಾಯ್ಡ್‌ಗಳಿಗೆ ಉಣಿಸಿದಾಗ ಟ್ರೋಫೋಬ್ಲಾಸ್ಟ್‌ಗಳು ನುಗ್ಗುವ ಕೋಶಗಳಾಗಿ ಬಲಿಯುವುದು ಹೆಚ್ಚಿತು. ಪಟ್ಟಿಯಲ್ಲಿ ಹೆಸರಾಗಿದ್ದ ಸಂಬಂಧ ಕಣ್ಣಿಗೆ ಕಾಣುವ ಪರಿಣಾಮವಾಯಿತು.

ಮುಂದುವರಿದ ನಕ್ಷೆಗಳು

ಮಾಸು ಬೇರೂರುವ ಮೊದಲೇ ಮಣ್ಣು ಹದವಾಗಿರಬೇಕು. ಮೊದಲ ಮೂರು ತಿಂಗಳಲ್ಲಿ ಭ್ರೂಣದ ಆಹಾರ ಬಹುಪಾಲು ಗರ್ಭಕೋಶದ ಗ್ರಂಥಿಗಳ ಸ್ರಾವದಿಂದಲೇ ಬರುತ್ತದೆ. ತಾಯಿಯ ರಕ್ತ ಮಾಸಿನೊಳಗೆ ಪೂರ್ತಿಯಾಗಿ ಹರಿಯತೊಡಗುವುದು ಆ ಅವಧಿಯ ಕೊನೆಗೆ. ಹೀಗಾಗಿ ವೆಂಟೊ-ಟೊರ್ಮೊ ತಂಡ ಮುಟ್ಟಿನ ಚಕ್ರದ ಬೇರೆ ಬೇರೆ ಹಂತಗಳ ಗರ್ಭಕೋಶದ ಒಳಪದರವನ್ನು ಕೈಗೆತ್ತಿಕೊಂಡಿತು. 2021ರ ಫಲಿತಾಂಶದ ಪ್ರಕಾರ, ಆ ಪದರದ ಹೊದಿಕೆ ಕೋಶಗಳು ಸ್ರವಿಸುವ ಕೋಶಗಳಾಗಬೇಕೋ ರೋಮವಿರುವ ಕೋಶಗಳಾಗಬೇಕೋ ಎಂಬ ತೀರ್ಮಾನದಲ್ಲಿ ಡಬ್ಲ್ಯುಎನ್‌ಟಿ ಮತ್ತು ನಾಚ್ ಎಂಬ ಎರಡು ಸಂಕೇತಮಾರ್ಗಗಳ ಕೈವಾಡವಿದೆ. ಆರ್ಗನಾಯ್ಡ್‌ನಲ್ಲಿ ಮೊದಲನೆಯದನ್ನು ತಗ್ಗಿಸಿದರೆ ಸ್ರವಿಸುವವು ಹೆಚ್ಚಿದವು, ಎರಡನೆಯದನ್ನು ತಗ್ಗಿಸಿದರೆ ರೋಮದವು. 2024ರಲ್ಲಿ, ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೂ ಬೆಳೆಯುವ ಎಂಡೋಮೆಟ್ರಿಯೋಸಿಸ್ ಇರುವ, ಇಲ್ಲದ ಒಟ್ಟು 63 ಮಹಿಳೆಯರ ಮೂರು ಲಕ್ಷಕ್ಕೂ ಹೆಚ್ಚು ಕೋಶಗಳ ಸಂಯುಕ್ತ ನಕ್ಷೆ ಬಂತು.

2023ರಲ್ಲಿ 'ನೇಚರ್'ನಲ್ಲಿ ಪ್ರಕಟವಾದ ಕೆಲಸ ಕಳೆದುಹೋಗಿದ್ದ ಜಾಗದ ಮಾಹಿತಿಯನ್ನು ಮರಳಿ ತಂದಿತು. ಅಂಗಾಂಶವನ್ನು ಕರಗಿಸದೆ, ತೆಳು ಪದರವಾಗಿ ಕೊಯ್ದು, ಆಯಾ ಜಾಗದಲ್ಲೇ ಆರ್‌ಎನ್‌ಎ ಓದುವ ವಿಧಾನ ಬಳಸಿ, ಟ್ರೋಫೋಬ್ಲಾಸ್ಟ್ ಮಾಸಿನಿಂದ ಹೊರಟು ಡೆಸಿಡುವಾ ದಾಟಿ ಗರ್ಭಕೋಶದ ಸ್ನಾಯುವಿನವರೆಗೆ ಹೋಗುವ ದಾರಿಯನ್ನು ಹಂತಹಂತವಾಗಿ ಗುರುತಿಸಿದರು. ದಾರಿಯಲ್ಲಿ ಕೆಲವು ರಕ್ತನಾಳದೊಳಕ್ಕೆ ತಿರುಗುತ್ತವೆ. ಇನ್ನು ಕೆಲವು ಆಳಕ್ಕೆ ಇಳಿದು, ಒಂದರೊಳಗೊಂದು ಬೆಸೆದು, ದೈತ್ಯಕೋಶಗಳಾಗಿ ಅಲ್ಲಿಗೇ ನಿಲ್ಲುತ್ತವೆ. ಅದೇ ವರ್ಷ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಮೈಕೆಲ್ ಏಂಜೆಲೊ ತಂಡ 6ರಿಂದ 20 ವಾರಗಳ ಡೆಸಿಡುವಾದಲ್ಲಿ ಪ್ರೋಟೀನುಗಳನ್ನೇ ನೇರವಾಗಿ ಗುರುತಿಸಿ ಇಂಥದೇ ನಕ್ಷೆ ಬರೆಯಿತು. ಬೇರೆ ದಾರಿ ಹಿಡಿದ ಎರಡು ತಂಡಗಳು ಒಂದೇ ಭೂಪ್ರದೇಶವನ್ನು ಕಂಡದ್ದು ಈ ಕ್ಷೇತ್ರಕ್ಕೆ ಬಲ.

ಸೋಂಕಿನ ವಿಷಯದಲ್ಲಿ 2024ರ ಇನ್ನೊಂದು ಅಧ್ಯಯನವಿದೆ. ಮೊದಲ ತಿಂಗಳುಗಳ ಮಾಸಿನ ತುಣುಕುಗಳಿಗೆ ಮಲೇರಿಯಾ, ಲಿಸ್ಟೀರಿಯಾ, ಟಾಕ್ಸೋಪ್ಲಾಸ್ಮಾ ರೋಗಾಣುಗಳನ್ನು ಸೋಕಿಸಿ ನೋಡಿದಾಗ, ರೋಗಾಣು ಯಾವುದೇ ಆಗಲಿ, ಮಾಸಿನೊಳಗಿರುವ ಭ್ರೂಣದ್ದೇ ಆದ ಹಾಫ್‌ಬಾವರ್ ಕೋಶಗಳು ಉರಿಯೂತದ ಪ್ರತಿಕ್ರಿಯೆ ತೋರಿದವು. ಈ ಪ್ರತಿಕ್ರಿಯೆಯೇ ಮಾಸಿನ ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗಬಹುದು.

ಸ್ಯಾಂಗರ್ ಸಂಸ್ಥೆಯ ಹೊರಗೂ ಕೆಲಸ ನಡೆದಿದೆ. ತಾಯಿಯ ರಕ್ತದಲ್ಲಿ ಭ್ರೂಣದ ಡಿಎನ್‌ಎ ತುಣುಕುಗಳು ತೇಲುತ್ತಿರುತ್ತವೆ ಎಂದು 1997ರಲ್ಲಿ ತೋರಿಸಿದ ಹಾಂಗ್‌ಕಾಂಗ್‌ನ ಡೆನಿಸ್ ಲೋ, 2017ರಲ್ಲಿ ಮಾಸಿನ ಏಕಕೋಶ ದತ್ತಾಂಶವನ್ನು ಕೀಲಿಯಾಗಿಟ್ಟುಕೊಂಡು ತಾಯಿಯ ರಕ್ತದಲ್ಲಿ ತೇಲುವ ಆರ್‌ಎನ್‌ಎ ಯಾವ ಕೋಶದಿಂದ ಬಂದಿರಬಹುದೆಂದು ಲೆಕ್ಕ ಹಾಕಿದರು. ಮಾಸನ್ನು ಮುಟ್ಟದೆ ಅದರ ಕ್ಷೇಮ ವಿಚಾರಿಸುವ ದಾರಿಯಿದು, ಆಸ್ಪತ್ರೆಗೆ ಎಲ್ಲಕ್ಕಿಂತ ಬೇಗ ತಲುಪಬಹುದಾದದ್ದೂ ಹೌದು. ಸ್ಟ್ಯಾನ್‌ಫರ್ಡ್‌ನ ಬ್ರೈಸ್ ಗೋಡಿಲಿಯರ್, ನಿಮಾ ಅಘೈಪೂರ್ ಮುಂತಾದವರು 2017ರಲ್ಲಿ ಗರ್ಭಿಣಿಯ ರಕ್ತದ ನಿರೋಧಕ ಕೋಶಗಳು ತಿಂಗಳಿಂದ ತಿಂಗಳಿಗೆ ಗೊತ್ತಾದ ಲಯದಲ್ಲಿ ಬದಲಾಗುತ್ತವೆ ಎಂದು ತೋರಿಸಿದರು. ಆದರೆ ಆ ಮಾದರಿಯನ್ನು ಕಟ್ಟಿದ್ದು 18 ಮಹಿಳೆಯರ ರಕ್ತದಿಂದ, ಪರೀಕ್ಷಿಸಿದ್ದು ಇನ್ನು 10 ಮಂದಿಯಲ್ಲಿ.

ಚಿಕಿತ್ಸೆಗೆ ಏನು ಬಂತು

ನೇರವಾಗಿ ಹೇಳುವುದಾದರೆ, ಈ ನಕ್ಷೆಗಳಿಂದ ಹುಟ್ಟಿ ಹೆರಿಗೆ ವಾರ್ಡಿನವರೆಗೆ ಬಂದ ಔಷಧ ಇನ್ನೂ ಇಲ್ಲ. ಪ್ರಿ-ಎಕ್ಲಾಂಪ್ಸಿಯಾ ತಡೆಯಲು ಇಂದು ಕೊಡುವುದು ಹಳೆಯ ಆಸ್ಪಿರಿನ್ನನ್ನೇ. ಹೆಚ್ಚು ಅಪಾಯವಿದ್ದ ಗರ್ಭಿಣಿಯರಿಗೆ ದಿನಕ್ಕೆ 150 ಮಿಲಿಗ್ರಾಂ ಕೊಟ್ಟಾಗ ಅವಧಿಗೆ ಮುಂಚಿನ ಪ್ರಿ-ಎಕ್ಲಾಂಪ್ಸಿಯಾ ಶೇ. 4.3ರಿಂದ 1.6ಕ್ಕೆ ಇಳಿಯಿತೆಂದು ಯುರೋಪಿನ ಆಸ್ಪ್ರೆ ಅಧ್ಯಯನ 2017ರಲ್ಲಿ ತೋರಿಸಿತು. ಮೊದಲ ಬಸುರಿಯರಿಗೆ 81 ಮಿಲಿಗ್ರಾಂ ಕೊಟ್ಟು ಆರು ದೇಶಗಳಲ್ಲಿ ನಡೆಸಿದ ಇನ್ನೊಂದು ಪರೀಕ್ಷೆಯಲ್ಲಿ 11,976 ಮಹಿಳೆಯರಿದ್ದರು. ಅದರ ಕೇಂದ್ರಗಳಲ್ಲಿ ನಮ್ಮ ಬೆಳಗಾವಿಯೂ ಒಂದು. 2020ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಫಲಿತಾಂಶದಲ್ಲಿ ಅವಧಿಪೂರ್ವ ಹೆರಿಗೆ ಶೇ. 13.1ರಿಂದ 11.6ಕ್ಕೆ ತಗ್ಗಿತ್ತು.

ಅರೆಬೆಂದ ವಿಜ್ಞಾನವನ್ನು ಮಾರುವವರ ಬಗ್ಗೆಯೂ ಹೇಳಬೇಕು. ಮೇಲಿಂದ ಮೇಲೆ ಗರ್ಭಪಾತವಾದವರಿಗೆ ರಕ್ತದಲ್ಲಿನ ಎನ್‌ಕೆ ಕೋಶಗಳನ್ನು ಎಣಿಸಿ, 'ಹೆಚ್ಚಾಗಿವೆ' ಎಂದು ಸ್ಟೀರಾಯ್ಡ್ ಮತ್ತಿತರ ಔಷಧ ಕೊಡುವ ಪದ್ಧತಿ ಹಲವು ದೇಶಗಳಲ್ಲಿದೆ. ರಕ್ತದ ಎನ್‌ಕೆ ಬೇರೆ, ಗರ್ಭಕೋಶದ್ದು ಬೇರೆ. ಒಂದನ್ನು ಎಣಿಸಿ ಇನ್ನೊಂದರ ಬಗ್ಗೆ ಹೇಳಲಾಗದು ಎಂದು ಮಾಫೆಟ್ ಮತ್ತು ಇಬ್ಬರು ಸಹೋದ್ಯೋಗಿಗಳು 2004ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಎಚ್ಚರಿಸಿದ್ದರು. 2018ರ ನಕ್ಷೆ ಈ ಮಾತಿಗೆ ಕೋಶ ಕೋಶದ ಸಾಕ್ಷ್ಯ ಒದಗಿಸಿತು. ಗಂಡನ ಬಿಳಿ ರಕ್ತಕಣಗಳನ್ನು ಹೆಂಡತಿಗೆ ಚುಚ್ಚುವ ಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದು 1999ರ 'ಲ್ಯಾನ್ಸೆಟ್' ಅಧ್ಯಯನ ತೋರಿಸಿತು. ಮಗುವಿಗಾಗಿ ಹಂಬಲಿಸುವ ದಂಪತಿ ಇಂಥ ಚಿಕಿತ್ಸೆಗೆ ಹಣ ಕಟ್ಟುವ ಮುನ್ನ ಪುರಾವೆ ಕೇಳಿದರೆ ತಪ್ಪೇನಿಲ್ಲ.

ಭಾರತದ ಮಟ್ಟಿಗೆ

2020ರಲ್ಲಿ ಜಗತ್ತಿನಲ್ಲಿ ಸುಮಾರು 1.34 ಕೋಟಿ ಮಕ್ಕಳು ಅವಧಿಗೆ ಮುಂಚೆ ಹುಟ್ಟಿದವು. ಅವುಗಳಲ್ಲಿ ಸುಮಾರು 30 ಲಕ್ಷ ಭಾರತದವು. ಫರೀದಾಬಾದಿನ ಟಿಎಚ್‌ಎಸ್‌ಟಿಐ ಸಂಸ್ಥೆಯ ನೇತೃತ್ವದಲ್ಲಿ ಗುರುಗ್ರಾಮದ ಸರ್ಕಾರಿ ಆಸ್ಪತ್ರೆಯಲ್ಲಿ 2015ರಲ್ಲಿ ಶುರುವಾದ ಗರ್ಭ್-ಇನಿ ಅಧ್ಯಯನ ಸಾವಿರಾರು ಗರ್ಭಿಣಿಯರ ಮಾಹಿತಿಯನ್ನೂ ಮಾದರಿಗಳನ್ನೂ ಕೂಡಿಟ್ಟಿದೆ. ಅದೇ ದತ್ತಾಂಶದಿಂದ ಮದ್ರಾಸ್ ಐಐಟಿಯವರು ಭ್ರೂಣದ ವಯಸ್ಸು ಲೆಕ್ಕ ಹಾಕುವ ಹೊಸ ಸೂತ್ರ ಕಟ್ಟಿದರು, ಏಕೆಂದರೆ ಪಶ್ಚಿಮದ ಹೆಂಗಸರ ಅಳತೆಯಿಂದ ಮಾಡಿದ ಸೂತ್ರ ಇಲ್ಲಿ ತಪ್ಪುತ್ತಿತ್ತು. ಭ್ರೂಣದ ಉದ್ದಗಲಕ್ಕೇ ಹೀಗಾದರೆ ನಿರೋಧಕ ವಂಶವಾಹಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕೆಐಆರ್ ಗುಂಪುಗಳ ಹಂಚಿಕೆ ಜನಸಮುದಾಯದಿಂದ ಸಮುದಾಯಕ್ಕೆ ಬದಲಾಗುತ್ತದೆ. ಜಪಾನಿನಲ್ಲಿ 'ಎಎ' ಹೆಚ್ಚು, ದಕ್ಷಿಣ ಏಷ್ಯಾದಲ್ಲಿ ಬಿ ಗುಂಪು ಹೆಚ್ಚು. ಆಫ್ರಿಕನ್ನರಲ್ಲಷ್ಟೇ ಕಾಣುವ ಕೆಐಆರ್ ಬಗೆಯೊಂದು ಪ್ರಿ-ಎಕ್ಲಾಂಪ್ಸಿಯಾದಿಂದ ರಕ್ಷಣೆ ಕೊಡುತ್ತದೆ ಎಂದು ಉಗಾಂಡಾದ ಅನೆಟ್ ನಕಿಮುಲಿ ಮತ್ತು ಮಾಫೆಟ್ 2015ರಲ್ಲಿ ತೋರಿಸಿದ್ದು ಕಂಪಾಲಾದ ತಾಯಂದಿರ ರಕ್ತವನ್ನು ಪರೀಕ್ಷಿಸಿದ್ದರಿಂದಲೇ. ಕೇಂಬ್ರಿಜ್‌ನ ಮಾದರಿಗಳಲ್ಲಿ ಅದು ಸಿಗುತ್ತಿರಲಿಲ್ಲ.

2018ರ ನಕ್ಷೆಯ ಮಾದರಿಗಳೆಲ್ಲ ಇಂಗ್ಲೆಂಡಿನ ಆಸ್ಪತ್ರೆಗಳಿಂದ ಬಂದವು. ಆ ದತ್ತಾಂಶ, ತಂತ್ರಾಂಶ ಎರಡೂ ಉಚಿತ. ಗಣಕಯಂತ್ರವಿರುವ ಯಾವ ವಿದ್ಯಾರ್ಥಿಯೂ ಇಳಿಸಿಕೊಂಡು ಕೆಲಸ ಶುರುಮಾಡಬಹುದು. ಆದರೆ ರಾಯಚೂರಿನ ಅಥವಾ ಬೆಳಗಾವಿಯ ಗರ್ಭಿಣಿಗೆ ಅದರ ತೀರ್ಮಾನಗಳನ್ನು ಅನ್ವಯಿಸಬೇಕಾದರೆ, ಇಲ್ಲಿಯ ತಾಯಂದಿರ ಒಪ್ಪಿಗೆಯಿಂದ ಪಡೆದ ಮಾದರಿಗಳನ್ನು ಇಲ್ಲಿಯ ಪ್ರಯೋಗಾಲಯಗಳಲ್ಲೇ ಓದಬೇಕು.